ಷರಾ ಇಲ್ಲದ ಎಣಿಕೆ

ಆಗಸ್ಟ್ 4, ಸೋಮವಾರ

ಎಣಿಸಿದ್ದಾಯಿತು. ಆರು ಬಟ್ಟಲು, ಎರಡೆರಡು ಸಲ. ಕಣ್ಣು ಉರಿ. ಕನ್ನಡಕ ಬದಲಾಯಿಸಿ ಎಂದು ಡಾಕ್ಟರು ಹೋದ ವರ್ಷವೇ ಹೇಳಿದ್ದರು. ಇರಲಿ.

ಗಣಿತದ ಮೇಷ್ಟ್ರು ಬಾಟನಿ ಲ್ಯಾಬಿನಲ್ಲಿ ಕೂತು ನೀರಿನ ಮೇಲೆ ತೇಲುವ ಎಲೆ ಎಣಿಸುವುದನ್ನು ನೋಡಲು ಕಾಮರ್ಸಿನವರು ಕಿಟಕಿಯವರೆಗೂ ಬಂದು ಹೋದರು. ನಗಲಿ. ಲೆಮ್ನಾ ಎಂದರೆ ಬೇರೇನಲ್ಲ, ಕೆರೆಯ ಮೇಲೆ ಹಸಿರು ಹಾಸಿನಂತೆ ಹಬ್ಬುತ್ತದಲ್ಲ, ಅದೇ. ಒಂದೆಲೆ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಕೊನೆಗೆ ಜಾಗ ಸಾಲದೆ ಬೆಳವಣಿಗೆ ನಿಲ್ಲುತ್ತದೆ. ಗ್ರಾಫ್ ಎಳೆದರೆ ಮೊದಲು ಏರು, ಆಮೇಲೆ ಸಮತಟ್ಟು. ಬಿಎಸ್ಸಿಯವರಿಗೆ ಡಿಫರೆನ್ಷಿಯಲ್ ಇಕ್ವೇಶನ್ ಕಲಿಸಲು ಇದಕ್ಕಿಂತ ಚೆಂದದ ಸಾಮಗ್ರಿ ಇಲ್ಲ.

ಐಡಿಯಾ ನನ್ನದಲ್ಲ, ಬಾಟನಿಯ ಸುಭದ್ರಾ ಮೇಡಂ ಅವರದು. ಐದು ವರ್ಷ ಇಬ್ಬರೂ ಒಂದೇ ಕ್ಲಾಸಿನಲ್ಲಿ ಒಟ್ಟಿಗೆ ನಿಂತು ಪಾಠ ಮಾಡಿದ್ದೇವೆ. ಬೋರ್ಡಿನ ಎಡಗಡೆ ಅವರ ಗಿಡ, ಬಲಗಡೆ ನನ್ನ ಇಕ್ವೇಶನ್, ನಡುವೆ ಜಗಳ. ಹುಡುಗರು ಬರುತ್ತಿದ್ದುದೇ ಜಗಳ ನೋಡಲು.

ಜುಲೈಯಲ್ಲಿ ಅವರು ಪುಣೆಗೆ ಹೋದರು. ರಿಸರ್ಚ್ ಫೆಲೋಶಿಪ್, ಆರು ತಿಂಗಳು. ಈಗ ಎಡಗಡೆ ಬಲಗಡೆ ಎರಡೂ ನಾನೇ. ಜಗಳ ಇಲ್ಲ.

ಅವರು ಮಾಡಿಟ್ಟು ಹೋದ ಶೀಟಿನಲ್ಲಿ ಕೊನೆಗೊಂದು ‘ಷರಾ’ ಕಾಲಂ ಇತ್ತು. ಅಂಕಿ ಅಲ್ಲದ್ದನ್ನು ಗ್ರಾಫ್ ಮಾಡಲು ಬರುವುದಿಲ್ಲ. ಅಳಿಸಿದೆ. ಶೀಟ್ ಈಗ ಕ್ಲೀನ್.

ಆಗಸ್ಟ್ 7, ಗುರುವಾರ

ಪ್ರಿನ್ಸಿಪಾಲರು ಕರೆದಿದ್ದರು. ದೇಶದ ಬಿಎಸ್ಸಿ ಮೇಷ್ಟ್ರುಗಳೆಲ್ಲ ಬಳಸುವ ಆನ್‌ಲೈನ್ ಪಾಠಸಂಗ್ರಹವೊಂದಿದೆ. ನಮ್ಮ ಲೆಮ್ನಾ ಪಾಠ ಅಕ್ಟೋಬರಿನೊಳಗೆ ಅಲ್ಲಿ ಒಪ್ಪಿಗೆಯಾದರೆ ನಮ್ಮಿಬ್ಬರ ಈ ಕೋರ್ಸ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಬಂದ್. ಕೋರ್ಸ್ ಹೋದರೆ ಬಾಟನಿಯ ಪೋಸ್ಟೂ ಹೋಗುತ್ತದೆ, ಆ ವಿಷಯಕ್ಕೆ ಬೇರೆ ಹುಡುಗರೇ ಇಲ್ಲ.

“ಮೇಡಂ ವಾಪಸ್ ಆತೇ ನಾ?” ಎಂದು ಕೇಳಿದರು. ಬರ್ತಾರೆ ಸರ್ ಎಂದೆ. ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ.

ಪಾಠ ಉಳಿದರೆ ಕೋರ್ಸ್ ಉಳಿಯುತ್ತದೆ. ಕೋರ್ಸ್ ಉಳಿದರೆ ಅವರ ಕುರ್ಚಿ ಉಳಿಯುತ್ತದೆ. ಕುರ್ಚಿ ಉಳಿದರೆ ಅವರು ಬರುತ್ತಾರೆ. ಮೂರನೇ ಹೆಜ್ಜೆಗೆ ಪ್ರೂಫ್ ಇಲ್ಲ. ಗೊತ್ತು.

ಸಂಜೆ ಅವರದೇ ಫೋನು. “ಬಟ್ಟಲಿಗೆ ಊಟ ಹಾಕಾಕತ್ತೀರಿಲ್ರೀ? ಶನಿವಾರಕ್ಕೊಮ್ಮೆ ಬಾಟ್ಲಿಯೊಳಗಿಂದು ಎರಡು ಹನಿ.”

“ಹೂಂರಿ,” ಎಂದೆ. ಸುಳ್ಳು. ನಡುವೆ ಗೊಬ್ಬರದ ಹನಿ ಹಾಕಿದರೆ ಇಕ್ವೇಶನ್ ಕೆಡುತ್ತದೆ. ಅವರು ಜೋಪಾನ ಮಾಡಿಟ್ಟಿದ್ದ ಮೂಲ ಬಟ್ಟಲನ್ನೂ ಪ್ರಯೋಗಕ್ಕೇ ಹಂಚಿಬಿಟ್ಟಿದ್ದೇನೆ. ಅದನ್ನೂ ಹೇಳಲಿಲ್ಲ. ಬೀದರ್ ಹತ್ತಿರದ ತಮ್ಮೂರಿನ ಕೆರೆಯಿಂದ ಅವರೇ ತಂದು ವರ್ಷಗಟ್ಟಲೆ ಸಾಕಿದ ಎಲೆ ಅದು. ಜನವರಿಯಲ್ಲಿ ಬಂದಾಗ ತುಂಬಿದ ಬಟ್ಟಲು ತೋರಿಸಿದರಾಯಿತು.

ಆಗಸ್ಟ್ 15

ಬಾವುಟ. ಬೂಂದಿ ಲಾಡು. ಹತ್ತಕ್ಕೆಲ್ಲ ಕಾಲೇಜು ಖಾಲಿ. ಇವತ್ತು ಎಣಿಸುವ ದಿನವಲ್ಲ. ಆದರೂ ಕೀಲಿ ಇಸಿದುಕೊಂಡು ಹೋಗಿ ಎಣಿಸಿದೆ. ಮನೆಗೆ ಹೋಗಿ ಮಾಡುವುದೇನಿದೆ.

ದಿಲ್‌ಸುಖ್‌ನಗರದಿಂದ ಮೆಟ್ರೋ. ಯಾದಗಿರಿ ಕಡೆಯ ಇಬ್ಬರು ಹೆಂಗಸರು, ಕಟ್ಟಡದ ಕೆಲಸದವರು, ಪಕ್ಕದಲ್ಲಿ ನಿಂತಿದ್ದರು. “ಅನ್ನಮ್ಮ, ನಿನ್ನ ಸೊಸಿ ರೊಟ್ಟಿ ಬಡಿಯಾಕ ಕಲತಳೇನ?” “ಎಲ್ಲಿ ಕಲೀತಾಳವ್ವ, ಮೊಬೈಲ್ ಹಿಡಕೊಂಡು ಕುಂತಿರ್ತಾಳ.” ಆ ಸೊಸೆಯ ಕತೆ ಕೇಳುತ್ತಾ ಎರ್ರಗಡ್ಡದಲ್ಲಿ ಇಳಿಯುವುದನ್ನೇ ಮರೆತು ಮುಂದಿನ ಸ್ಟೇಷನ್ನಿಗೆ ಹೋಗಿಬಿಟ್ಟೆ. ಈ ತೆಲುಗು ಊರಿನಲ್ಲಿ ಇಡೀ ದಿನ ನನ್ನ ಕಿವಿಗೆ ಬಿದ್ದ ಕನ್ನಡ ಅಷ್ಟೇ. ಅದೂ ನನಗಾಗಿ ಆಡಿದ್ದಲ್ಲ.

ಅಪ್ಪ ಸನತ್‌ನಗರಕ್ಕೆ ಬಂದದ್ದು ಕೇಂದ್ರ ಸರ್ಕಾರದ ಫ್ಯಾಕ್ಟರಿ ನೌಕರಿಗೆ. ಆಗ ನಮ್ಮ ಲೈನಿನಲ್ಲಿ ಕಲಬುರಗಿ ಕಡೆಯವರೇ ಏಳೆಂಟು ಮನೆ. ಎಲ್ಲರೂ ರಿಟೈರಾಗಿ ಹೋದರು. ಮದುವೆ... ನೋಡೋಣ ನೋಡೋಣ ಅನ್ನುತ್ತ ಐವತ್ತೊಂದಾಯಿತು. ಇಂಥ ರಜೆಯ ದಿನ ಒಂಟಿತನ ಅಂದರೆ ಏನೆಂದು ಯಾರೂ ಡೆಫಿನಿಶನ್ ಕೊಡಬೇಕಾಗಿಲ್ಲ.

ಆಗಸ್ಟ್ 29, ಶುಕ್ರವಾರ

ಬಂತು! ಸಮತಟ್ಟು!

ಆರೂ ಬಟ್ಟಲಿನಲ್ಲಿ ಎಣಿಕೆ ನಿಂತಿದೆ. ಏರಿಲ್ಲ, ಇಳಿದಿಲ್ಲ. ಇಕ್ವೇಶನ್ನಿನ ಗೆರೆಯ ಮೇಲೆ ಚುಕ್ಕೆಗಳು ಅಂಟಿಕೊಂಡು ಕೂತಿವೆ. ಇಷ್ಟು ಚೆಂದದ ಗ್ರಾಫ್ ನನ್ನ ಸರ್ವಿಸಿನಲ್ಲೇ ನೋಡಿಲ್ಲ.

ಕ್ಲಾಸಿನಲ್ಲಿ ತೋರಿಸಿದೆ. “ಇದೇ ಬಟ್ಟಲಿನ ಧಾರಣಾ ಸಾಮರ್ಥ್ಯ. ಇದಕ್ಕಿಂತ ಹೆಚ್ಚು ಜೀವ ಇಲ್ಲಿ ಹಿಡಿಸುವುದಿಲ್ಲ.” ಲಹರಿ ಕೈ ಎತ್ತಿದಳು. ಡಿಫೆನ್ಸ್ ಲ್ಯಾಬಿನವರ ಮಗಳು, ಮನೆಯಲ್ಲಿ ಕನ್ನಡ. ಪ್ರತಿ ಸಲ ಬಟ್ಟಲುಗಳ ಫೋಟೋ ತೆಗೆಯುವವಳು ಅವಳೇ. “ಸರ್, ಬೆಳ್ಳಗಾಗಿರೋ ಎಲಿನೂ ಎಣಿಸಬೇಕೇನ್ರಿ?”

“ಎಲೆ ಎಂದರೆ ಎಲೆ. ಬಣ್ಣ ವೇರಿಯಬಲ್ ಅಲ್ಲಮ್ಮಾ,” ಎಂದೆ. ಎಲ್ಲರೂ ನಕ್ಕರು. ಒಳ್ಳೆಯ ಉತ್ತರ ಕೊಟ್ಟೆನೆಂದು ಬೆನ್ನು ತಟ್ಟಿಕೊಂಡೆ.

ಆಗಸ್ಟ್ 31, ಭಾನುವಾರ

ಗ್ರಾಫನ್ನು ಮೇಡಂಗೆ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಬ್ಯುಸಿ ಇರಬೇಕು. ಆದರೆ ಬೆಳಗಿನ ಮೆಸೇಜ್ ಮಾತ್ರ ತಪ್ಪಿಲ್ಲ. ಒಂದು ಹೂವಿನ ಫೋಟೋ, ಕೆಳಗೆ ಶುಭೋದಯ. ಜುಲೈಯಿಂದ ಒಂದು ದಿನವೂ ತಪ್ಪಿಲ್ಲ. ಬೇರೆ ಯಾರು ಹೀಗೆ ನೆನಪಿಟ್ಟುಕೊಂಡು ಕಳಿಸುತ್ತಾರೆ?

ಸೆಪ್ಟೆಂಬರ್ 2, ಮಂಗಳವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಮೆಸೇಜ್. “ಗ್ರಾಫ್ ಭಾಳ ಚಂದ ಬಂದೈತ್ರಿ. ಬಣ್ಣ ಹ್ಯಾಂಗೈತಿ?”

ಅಷ್ಟೇ. ಬ್ರಷ್ ಬಾಯಲ್ಲೇ ಇತ್ತು. ಬಣ್ಣ ಹೇಗಿದೆ? ನೆನಪಾಗಲೇ ಇಲ್ಲ. ತಿಂಗಳಿಡೀ ಅವುಗಳ ಮುಂದೆ ಕೂತಿದ್ದೇನೆ, ನೆನಪಾಗಲೇ ಇಲ್ಲ!

ತಿಂಡಿ ಬಿಟ್ಟು ಓಡಿದೆ. ಲ್ಯಾಬ್ ತೆರೆದೆ.

ಬಿಳಿ. ಆರೂ ಬಟ್ಟಲು ಬಿಳಿ. ಚಮಚದಿಂದ ಮುಟ್ಟಿದರೆ ಎಲೆ ಕರಗಿ ನೀರಾಗುತ್ತಿದೆ. ಒಂದಾದರೂ ಹಸಿರು ಇದ್ದೀತೆಂದು ಬಟ್ಟಲುಗಳನ್ನು ಕಿಟಕಿಗೆ ಹಿಡಿದು ನೋಡಿದೆ. ಇಲ್ಲ.

ಸತ್ತ ಎಲೆ ಕೂಡಲೇ ಮುಳುಗುವುದಿಲ್ಲ. ಮರಿ ಹಾಕುವುದೂ ಇಲ್ಲ. ಹಾಗಾಗಿ ಎಣಿಕೆ ಏರಲಿಲ್ಲ, ಇಳಿಯಲಿಲ್ಲ. ಜಾಗ ತುಂಬಿ ನಿಂತದ್ದಲ್ಲ, ಊಟವಿಲ್ಲದೆ ನಿಂತದ್ದು. ನಾನು ಹೆಣಗಳನ್ನು ಎಣಿಸಿ ಆಹಾ ಅಂದಿದ್ದೇನೆ. ಷರಾ ಕಾಲಂ ಇದ್ದದ್ದು ಇದಕ್ಕೇ. ಹಳದಿ, ಬಿಳಿ ಎಂದು ಒಂದು ಮಾತು ಬರೆಯಲಿಕ್ಕೆ.

ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ. ಅವರಿಗೆ ಏನು ಹೇಳಲಿ?

ಸೆಪ್ಟೆಂಬರ್ 3

ಹೇಳಿಬಿಟ್ಟೆ. ಹನಿ ಹಾಕದ್ದು, ಮೂಲ ಬಟ್ಟಲು ಹಂಚಿದ್ದು, ಸುಳ್ಳು ಹೇಳಿದ್ದು, ಎಲ್ಲ. ಬೈಗುಳಕ್ಕೆ ಸಿದ್ಧನಾಗಿ ಫೋನನ್ನು ಕಿವಿಯಿಂದ ಸ್ವಲ್ಪ ದೂರವೇ ಹಿಡಿದಿದ್ದೆ. ಹಿಂದೊಮ್ಮೆ ಯಾರೋ ಬಟ್ಟಲನ್ನು ಫ್ಯಾನಿನ ಕೆಳಗಿಟ್ಟು ಒಣಗಿಸಿದಾಗ ಅವರು ಎರಡು ದಿನ ಯಾರೊಂದಿಗೂ ಮಾತಾಡಿರಲಿಲ್ಲ.

ನಕ್ಕರು. “ಅಯ್ಯ, ಹೋಗ್ಲಿ ಬಿಡ್ರಿ ಆನಂದಕುಮಾರ ಸರ್. ಅದೇನು ಮಹಾ. ಯಾವ ಕೆರಿಗೆ ಹೋದ್ರೂ ಸಿಗತಾವ.”

ಸಿಟ್ಟು ಬರಬೇಕಿತ್ತು ಅವರಿಗೆ. ಬರಲಿಲ್ಲ. ಆ ಬಟ್ಟಲು, ಆ ಕಿಟಕಿ, ಆ ಲ್ಯಾಬು ಈಗ ಅವರದಲ್ಲ.

“ಜನವರಿಗೆ ಬರ್ತೀರಿಲ್ರೀ?” ಎಂದು ಕೇಳಿದೆ.

“ಇಲ್ಲೇ ಪರ್ಮನೆಂಟ್ ಮಾಡ್ತೀವಿ ಅಂದಾರ್ರೀ. ನಾನೂ ಹೂಂ ಅಂದೀನಿ. ನಿಮಗ ಹ್ಯಾಂಗ ಹೇಳಲಿ ಅಂತ ತಿಳೀಲಿಲ್ಲ. ದಿನಾ ಬರಿಯಾಕ ಕುಂದರ್ತಿದ್ದೆ, ಆಮ್ಯಾಲೆ ಹೂವಿನ ಫೋಟೋ ಕಳಿಸಿ ಬಿಡ್ತಿದ್ದೆ.”

ಚಲೋ ಆತ್ರಿ, ಭಾಳ ಚಲೋ ಆತು ಎಂದೆ. ಎರಡು ಸಲ ಎಂದೆ.

ನಾನು ಹೂವುಗಳನ್ನು ಎಣಿಸುತ್ತಿದ್ದೆ. ಒಂದೂ ತಪ್ಪಿಲ್ಲ ಎಂದು ಖುಷಿಪಡುತ್ತಿದ್ದೆ. ಇಷ್ಟು ದಡ್ಡ ಮನುಷ್ಯನಿಗೆ ಎಂಎಸ್ಸಿ ಕೊಟ್ಟವರು ಯಾರು?

ಸೆಪ್ಟೆಂಬರ್ 15, ಸೋಮವಾರ

ಬರೆಯಲು ಮನಸ್ಸಿರಲಿಲ್ಲ. ಗಣೇಶನ ಗಲಾಟೆ, ಊರೆಲ್ಲ ಡೋಲು. ಬಾಗಿಲು ಹಾಕಿಕೊಂಡು ಕೂತಿದ್ದೆ.

ಇವತ್ತು ಕ್ಲಾಸಿನಲ್ಲಿ ಅದೇ ಗ್ರಾಫ್ ಹಾಕಿದೆ. “ಇದು ತಪ್ಪು. ಗೆರೆ ಸರಿ, ನಾನು ಹೇಳಿದ ಅರ್ಥ ತಪ್ಪು. ಲಹರಿ ಕೇಳಿದ ಪ್ರಶ್ನೆಯೇ ಸರಿ. ಇಲ್ಲಿ ಸಮತಟ್ಟಾಗಿ ಕಾಣುವುದು ಜೀವ ಅಲ್ಲ, ಸಾವು.” ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಿದ್ದ ಅಮೋಲ್ ತಲೆ ಎತ್ತಿದ. “ಮತ್ಲಬ್ ಸರ್, ಮ್ಯಾಥ್ಸ್ ಕೋ ಪತಾ ನಹೀ ಚಲಾ?” ಗಣಿತಕ್ಕೆ ಗೊತ್ತಾಗಲಿಲ್ಲವೇ ಎಂದು. ಬದುಕಿದ್ದೆಷ್ಟು ಎಂದು ಗಣಿತವನ್ನು ಯಾರೂ ಕೇಳಲಿಲ್ಲ ಕಣಪ್ಪ ಎಂದೆ.

ಆಮೇಲೆ ಲಹರಿಯ ಮೊಬೈಲಿನ ಫೋಟೋಗಳನ್ನು ಪರದೆಗೆ ಹಾಕಿ, ಎಲ್ಲರೂ ಸೇರಿ ಹಸಿರು ಎಲೆಗಳನ್ನು ಮಾತ್ರ ಎಣಿಸಿದೆವು. ಎರಡನೇ ಗೆರೆ ಬಂತು. ಒಟ್ಟು ಎಲೆಯ ಗೆರೆ ಚಪ್ಪಟೆಯಾಗುವ ಮೊದಲೇ ಹಸಿರಿನದು ಕೆಳಗಿಳಿಯುತ್ತದೆ. ಬೆಲ್ ಆದರೂ ಯಾರೂ ಏಳಲಿಲ್ಲ. ಈ ವರ್ಷದ ಮೊದಲ ಒಳ್ಳೆಯ ಕ್ಲಾಸು. ಹೇಳಿಕೊಳ್ಳಲು ಸ್ಟಾಫ್‌ರೂಮಿಗೆ ಅವಸರದಿಂದ ಹೋದೆ. ಮೇಡಂ ಕುರ್ಚಿಯ ಮೇಲೆ ಯಾರೋ ಉತ್ತರಪತ್ರಿಕೆಗಳ ಕಟ್ಟು ಇಟ್ಟಿದ್ದರು.

ಅಕ್ಟೋಬರ್ 9, ಗುರುವಾರ

ಪಾಠ ಒಪ್ಪಿಗೆಯಾಗಿದೆ. ಎರಡು ಗೆರೆಗಳ ವರ್ಕ್‌ಶೀಟು, ನನ್ನ ತಪ್ಪೂ ಸೇರಿ, ಇಬ್ಬರ ಹೆಸರಿನಲ್ಲಿ. ಈ ತಪ್ಪೇ ಪಾಠದ ಜೀವ ಎಂದು ಪರಿಶೀಲಿಸಿದವರು ಬರೆದಿದ್ದಾರೆ. ದೊಡ್ಡ ಮನಸ್ಸು.

ಕೋರ್ಸ್ ಉಳಿಯಿತು. ಕುರ್ಚಿ ಉಳಿಯಿತು. ಪ್ರಿನ್ಸಿಪಾಲರು ಕೈ ಕುಲುಕಿ, ಹೊಸ ಬಾಟನಿ ಲೆಕ್ಚರರ್ ಬೇಕೆಂಬ ಜಾಹೀರಾತಿನ ಕರಡು ನೀವೇ ಮಾಡಿಕೊಡಿ ಎಂದರು. ಮಾಡಿಕೊಟ್ಟೆ. ಅತ್ತದ್ದು ಮನೆಗೆ ಬಂದ ಮೇಲೆ.

ನವೆಂಬರ್ 8, ಶನಿವಾರ

ಸುಭದ್ರಾ ಮೇಡಂ ಬಂದಿದ್ದರು, ಕಪಾಟು ಖಾಲಿ ಮಾಡಲು. ಸ್ವಲ್ಪ ಸಣ್ಣಗಾಗಿದ್ದಾರೆ. ಹೊಸ ಕನ್ನಡಕ.

ನನ್ನ ಕ್ಲಾಸಿತ್ತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಇದ್ದಕ್ಕಿದ್ದಂತೆ ಒಳಗೆ ಬಂದು ಬೋರ್ಡಿನ ಎಡಗಡೆ ಚಾಕ್‌ಪೀಸ್ ಹಿಡಿದರು. “ಎಲ್ಲಾ ಎಲಿ ಒಂದ ಥರಾ ಅಂತ ಬರದೀರಲ್ರೀ, ಮುದುಕ ಎಲಿ, ಮರಿ ಎಲಿ ಒಂದ ಆಗ್ತಾವೇನು?” “ಮತ್ತ ಒಂದೊಂದಕ್ಕೂ ಒಂದೊಂದು ಇಕ್ವೇಶನ್ ಬರೀಲೇನ್ರಿ?” “ಬರೀರಿ! ನಿಮಗ ಚಾಕ್‌ಪೀಸ್ ಕೊಟ್ಟದ್ದ್ಯಾಕ?” ಹುಡುಗರು ಬಿದ್ದು ಬಿದ್ದು ನಕ್ಕರು. ಗಂಟೆ ಮುಗಿದದ್ದೇ ತಿಳಿಯಲಿಲ್ಲ. ಎಷ್ಟು ಸುಖವಾಗಿತ್ತು.

ನಾಳೆ ಮಧ್ಯಾಹ್ನ ಬೇಗಂಪೇಟೆಯಿಂದ ಟ್ರೈನು. ಬರ್ತೀನಿ, ಪೆಟ್ಟಿಗೆ ಭಾರ ಇದೆ ಎಂದೆ. ಪೆಟ್ಟಿಗೆ ಅಷ್ಟೇನೂ ಭಾರವಿಲ್ಲ.

ನವೆಂಬರ್ 9, ಭಾನುವಾರ. ಬೇಗಂಪೇಟೆ, ಪ್ಲಾಟ್‌ಫಾರ್ಮಿನ ಬೆಂಚು

ಈಗಷ್ಟೇ ಹೋಯಿತು.

ಟ್ರೈನ್ ಬರುವ ಮೊದಲು ಅವರೇ ಕೇಳಿದರು. “ಸರ್, ಏನೋ ಹೇಳಬೇಕಂತ ಬಂದಂಗೈತಿ.”

“ಏನಿಲ್ರಿ... ವರ್ಕ್‌ಶೀಟಿನ ನಾಕನೇ ಪ್ರಶ್ನೆ ಸ್ವಲ್ಪ ತಿದ್ದಬೇಕಂತಿದ್ದೆ.”

ನನ್ನ ಮುಖವನ್ನೇ ನೋಡಿದರು. “ಅಷ್ಟೇನ್ರಿ?”

“ಅಷ್ಟೇರಿ.”

“ತಿದ್ದ್ರಿ ಹಂಗಾರ.” ಪೆಟ್ಟಿಗೆ ಇಸಿದುಕೊಂಡರು. ಬಾಗಿಲಲ್ಲಿ ನಿಂತೇ ಇದ್ದರು, ಪ್ಲಾಟ್‌ಫಾರ್ಮ್ ಮುಗಿಯುವವರೆಗೂ. ಕೈ ಬೀಸಲಿಲ್ಲ. ನಾನೂ ಬೀಸಲಿಲ್ಲ.

ಒಂದೇ ಒಂದು ವಾಕ್ಯ. ಮನೆಯಿಂದ ಹೊರಡುವಾಗ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಇಲ್ಲಾದರೂ ಬರೆಯಬಹುದು, ಇದನ್ನು ಓದುವವರು ಯಾರೂ ಇಲ್ಲ. ಇಷ್ಟು ವರ್ಷ ಇಲ್ಲಿ ಕೂಡ ಮೇಡಂ ಎಂದೇ ಬರೆದಿದ್ದೇನೆ, ಯಾರಿಗೆ ಹೆದರಿಯೋ. ಸಾಕು. ಬರೆಯುತ್ತೇನೆ.

ಸುಭದ್ರಾ, ನನಗೆ ನೀವು...