ಗೋಲಿನ ಹಿಂದೆ ಕೂತ ಅಪ್ಪ

ಬುಧವಾರ, ಮಧ್ಯಾಹ್ನ

ನನ್ನ ಪ್ರೀತಿಯ ಬಾಲವೇ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಒಂದು ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದವಳನ್ನು, ಮೊನ್ನೆ ಭಾನುವಾರ ಇಡೀ ಮೈದಾನ ಎದ್ದು ನಿಂತು ಬೀಳ್ಕೊಟ್ಟವಳನ್ನು ಬಾಲ ಅನ್ನಬಾರದು. ಆದರೆ ನಾನು ಹೋದಲ್ಲೆಲ್ಲ ನನ್ನ ಫ್ರಾಕಿನ ತುದಿ ಹಿಡಿದು ಬರುತ್ತಿದ್ದವಳಿಗೆ ಮನೆಯವರು ಇಟ್ಟ ಹೆಸರು ಅದು. ನೀನು ಆಟದಿಂದ ನಿವೃತ್ತಳಾದರೂ ಅದು ನಿವೃತ್ತಿಯಾಗುವುದಿಲ್ಲ.

ನಿನ್ನ ಮೆಸೇಜು ಓದಿದೆ. ಪೆನಾಲ್ಟಿ ಬೇರೆಯವಳಿಗೆ ಬಿಟ್ಟುಕೊಟ್ಟಿದ್ದಕ್ಕೆ ಅಪ್ಪ ಮಾತಾಡ್ತಿಲ್ಲ, ಸದ್ಯಕ್ಕೆ ಮನೆಗೆ ಬರಲ್ಲ ಅಕ್ಕ, ಇಲ್ಲೇ ಇರ್ತೀನಿ ಅಂತ ಬರೆದಿದ್ದೀಯ. ಇದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅರ್ಧಕ್ಕೇ "ಸರಿ ಬಿಡು" ಅಂದುಬಿಡುತ್ತೇನೆ. ಕಾಗದದಲ್ಲಿ ಅದು ನಡೆಯುವುದಿಲ್ಲ. ಪೂರ್ತಿ ಓದು.

ಅಪ್ಪ ಎಲ್ಲಿ ಕೂತಿದ್ದರು ಅನ್ನುವುದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲ ಗೊಂದಲವೂ ಅಲ್ಲೇ ಇದೆ.

ನಿನ್ನ ಪಂದ್ಯಗಳಲ್ಲಿ ಅಮ್ಮನೂ ನಾನೂ ಅರ್ಧ ಆಟ ಮುಗಿದೊಡನೆ ಜಾಗ ಬದಲಿಸುತ್ತೇವೆ. ತಂಡಗಳು ದಿಕ್ಕು ಬದಲಿಸಿದರೆ ನಿನ್ನ ಎಡಬದಿ ಎದುರಿನ ಗ್ಯಾಲರಿಯ ಕಡೆಗೆ ಹೋಗುತ್ತದಲ್ಲ. "ಮಗಳು ಆ ಕಡೆ ಹೋದ್ಲು, ನಡಿ" ಅನ್ನುತ್ತ ಅಮ್ಮ ನೀರಿನ ಬಾಟಲಿ, ಶಾಲು, ಕೂರುವ ದಿಂಬು ಎತ್ತಿಕೊಂಡು ಹೊರಡುತ್ತಾಳೆ. ಗೇಟಿನ ಕಾವಲುಗಾರ ಪ್ರತಿ ಸಲವೂ "ಏನಮ್ಮಾ, ಮನೆ ಖಾಲಿ ಮಾಡಿದ್ರಾ?" ಅಂತ ಕೇಳುತ್ತಾನೆ. ಅಮ್ಮ "ಓನರ್ ಕಾಟ ಕಣಪ್ಪ" ಅನ್ನುತ್ತಾಳೆ.

ಅಪ್ಪನೂ ಏಳುತ್ತಾರೆ, ಆದರೆ ನಮ್ಮ ಜೊತೆ ಬರುವುದಿಲ್ಲ. ಯಾವ ತುದಿಯಲ್ಲಿ ಎದುರಾಳಿಯ ಗೋಲು ಇದೆಯೋ ಅದರ ಹಿಂದೆ ಹೋಗಿ ಕೂರುತ್ತಾರೆ. ಮಗಳು ಗೋಲು ಹೊಡೆಯುವುದನ್ನು ಹತ್ತಿರದಿಂದ ನೋಡಬೇಕು. ಲೆಫ್ಟ್ ಬ್ಯಾಕ್ ಅಂದರೆ ನಮ್ಮ ಗೋಲನ್ನು ಎಡಗಡೆಯಿಂದ ಕಾಯುವವಳು, ಆ ತುದಿಗೆ ಅವಳು ಬರುವುದೇ ಅಪರೂಪ ಅಂತ ಎಷ್ಟು ಹೇಳಿದರೂ, "ಬಂದಾಗ ನಾನಲ್ಲಿ ಇರ್ಬೇಕಲ್ಲ" ಅನ್ನುತ್ತಿದ್ದರು. ಹೀಗೆ ನಿನ್ನ ಇಡೀ ಆಟವನ್ನು ಅವರು ಮೈದಾನದಲ್ಲಿ ನಿನ್ನಿಂದ ಅತಿ ದೂರವಿರುವ ಜಾಗದಲ್ಲಿ ಕೂತು ನೋಡಿದರು. ಇಷ್ಟು ಪ್ರೀತಿಯಿಂದ ಇಷ್ಟು ತಪ್ಪು ಜಾಗದಲ್ಲಿ ಕೂತವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೊದಲ ಕ್ಲಬ್ಬಿನ ಆಯ್ಕೆಯ ದಿನ ನೆನಪಿದೆಯಾ? ಆ ಬ್ರೆಡ್ ಕಾರ್ಖಾನೆಯ ತಂಡ, ಬಟ್ಟೆ ಬದಲಿಸಲು ಹಿಟ್ಟಿನ ಗೋದಾಮು, ಆಟಕ್ಕೆ ಮೊದಲೇ ಬೆಳ್ಳಗಾಗಿ ಹೊರಬರುತ್ತಿದ್ದ ನೀವು. ಹಿಂದೆ, ಎಡಗಡೆ ಯಾರು ಆಡ್ತೀರಿ ಅಂತ ಕೋಚ್ ಕೇಳಿದಾಗ ಉಳಿದವರೆಲ್ಲ ತಮ್ಮ ಬೂಟು ನೋಡಿಕೊಂಡರಂತೆ. ನೀನು ಕೈ ಎತ್ತಿದೆ. ಎತ್ತದಿದ್ದರೆ ಆವತ್ತು ಆಡೋಕೇ ಸಿಗ್ತಿರಲಿಲ್ಲ ಅಂದೆ. ನಿನ್ನದೋ ಬಲಗಾಲು. ಆಮೇಲೆ ವರ್ಷವೆಲ್ಲ ಹಿತ್ತಿಲ ಗೋಡೆಗೆ ಎಡಗಾಲಲ್ಲಿ ಚೆಂಡು ಬಡಿದೂ ಬಡಿದೂ, ಪಕ್ಕದ ಮನೆಯ ಟೀಚರ್ ಬಂದು "ನಿಮ್ಮ ಗೋಡೆಗೆ ಬೆನ್ನುನೋವು ಬರಲ್ವಾ?" ಅಂತ ಕೇಳಿದ್ದರು. ಮೂರನೇ ನಂಬರಿನ ಅಂಗಿ ತಂದು ತೋರಿಸಿದಾಗ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಒಂಬತ್ತು ಖಾಲಿ ಇರ್ಲಿಲ್ವಾ?" ಅಂದರು. ಗೋಲು ಹೊಡೆಯುವವರ ನಂಬರು ಅದೊಂದೇ ಅವರಿಗೆ ಗೊತ್ತಿದ್ದದ್ದು.

ಎರಡನೆಯದು ದೊಡ್ಡ ಕ್ಲಬ್ಬು. ಒಳ್ಳೆಯ ಹುಲ್ಲು, ಬಿಸಿನೀರು, ಮತ್ತು ನಿನಗೆ ಸದಾ ಬೆಂಚು. ಅಲ್ಲಿಂದ ಒಂದು ಮೆಟ್ಟಿಲು ಕೆಳಗಿನ ಲೀಗಿನಲ್ಲಿದ್ದ ಬಂದರಿನ ಕ್ಲಬ್ಬಿಗೆ ನೀನಾಗಿ ಹೋದಾಗ ಎಲ್ಲರೂ ಇಳಿದಳು ಅಂದರು. ಆ ತಂಡ ಮೇಲಿನ ಲೀಗಿಗೆ ಏರಿದ್ದು ನಿನ್ನ ಎಡಬದಿಯನ್ನು ನೆಚ್ಚಿಕೊಂಡು. ಇದನ್ನು ನಾನು ಅಕ್ಕನಾಗಿ ಹೇಳುತ್ತಿದ್ದೇನೋ, ನೋಡಿದವಳಾಗಿ ಹೇಳುತ್ತಿದ್ದೇನೋ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ದಿನವಿಡೀ ಕಣ್ಣು ಪರೀಕ್ಷೆ ಮಾಡುವವಳಿಗೆ ಅಂಟಿಕೊಂಡ ರೋಗ ಇದು: ಈ ಗಾಜಿನಲ್ಲಿ ಚೆನ್ನಾಗಿ ಕಾಣುತ್ತಾ, ಆ ಗಾಜಿನಲ್ಲಾ? ಎರಡರಲ್ಲೂ ಒಂದೇ ಕಾಣಿಸಿತು. ಚೆಂಡನ್ನು ಬಿಟ್ಟು ನಿನ್ನೊಬ್ಬಳನ್ನೇ ನೋಡುವುದನ್ನು ರೂಢಿ ಮಾಡಿಕೊಂಡ ಮೇಲೆ ನನಗೆ ಫುಟ್‌ಬಾಲ್ ಅರ್ಥವಾಗತೊಡಗಿತು. ನೀನು ಓಡಿದ ಓಟಗಳಲ್ಲಿ ಹೆಚ್ಚಿನವಕ್ಕೆ ಚೆಂಡು ಬರಲೇ ಇಲ್ಲ. ಆದರೂ ಓಡಿದೆ, ಎದುರಾಳಿಯೊಬ್ಬಳನ್ನು ನಿನ್ನ ಹಿಂದೆ ಎಳೆದುಕೊಂಡು ಹೋಗಿ ಬೇರೆಯವರಿಗೆ ದಾರಿ ಬಿಡಿಸಿಕೊಟ್ಟೆ.

ಇನ್ನು ಭಾನುವಾರ. ಡ್ರಾ ಆದರೂ ಸಾಕು, ನೀವು ಮೇಲಿನ ಲೀಗಿನಲ್ಲೇ ಉಳಿಯುತ್ತೀರಿ, ಸೋತರೆ ಕೆಳಗೆ. ಎರಡೂ ಕಡೆ ಗೋಲಿಲ್ಲ, ಆಟ ಮುಗಿಯುತ್ತ ಬಂದಿದೆ, ಆಗ ನಿಮಗೆ ಪೆನಾಲ್ಟಿ. ಕೊನೆಯ ಪಂದ್ಯ ಆಡುವವಳೇ ಪೆನಾಲ್ಟಿ ಹೊಡೆಯಬೇಕು ಅನ್ನುವುದು ನಿಮ್ಮ ಕ್ಲಬ್ಬಿನ ಪದ್ಧತಿ. ಅಪ್ಪ ಇದನ್ನು ಕ್ಷೌರದಂಗಡಿಯಿಂದ ಹಿಡಿದು ಬ್ಯಾಂಕಿನ ಸಾಲಿನವರೆಗೆ ಎಲ್ಲರಿಗೂ ಸಾರಿದ್ದರು. ನಾನೂ ಸುಳ್ಳು ಹೇಳುವುದಿಲ್ಲ, ಹೊಡೆಯಲಿ ಅಂತ ಆ ಕ್ಷಣ ಆಸೆಪಟ್ಟೆ. ನೀನು ಚೆಂಡನ್ನು ಎತ್ತಿಕೊಂಡೆ, ಒಂಬತ್ತನೇ ನಂಬರಿನವಳ ಕೈಗಿಟ್ಟೆ, ಏನೋ ಹೇಳಿದೆ. "ಲೇಸು ಕಟ್ಕೋ ಅಂದಿರ್ತಾಳೆ" ಅಂದಳು ಅಮ್ಮ. ಆಮೇಲೆ ನೀನು ತಿರುಗಿ ನಮ್ಮ ಕಡೆಗೆ, ನಿನ್ನ ಜಾಗಕ್ಕೆ ಓಡಿ ಬಂದೆ.

ಪತ್ರಿಕೆಯವರು ಅದನ್ನು ತ್ಯಾಗ ಅಂತ ಬರೆದಿದ್ದಾರೆ. ನನಗೆ ಹಾಗೆ ಕಾಣಲಿಲ್ಲ. ನಿನ್ನ ಓಟದಲ್ಲಿ ತ್ಯಾಗ ಇರಲಿಲ್ಲ, ಅವಸರ ಇತ್ತು. ಒಲೆಯ ಮೇಲೆ ಹಾಲಿಟ್ಟು ಬಂದವರ ಅವಸರ.

ಹಾಲು ಉಕ್ಕಿಯೂ ಉಕ್ಕಿತು. ಅವರ ಕೀಪರ್ ಚೆಂಡು ಹಿಡಿದಳು, ಹಿಡಿದವಳೇ ಉದ್ದಕ್ಕೆ ಒದ್ದಳು. ನಮ್ಮವರೆಲ್ಲ ಆ ತುದಿಯಲ್ಲಿ. ಅವರ ಆ ಚಿಗರೆಯಂಥ ಹುಡುಗಿ ಚೆಂಡಿನೊಂದಿಗೆ ಓಡಿ ಬಂದಳು, ಎದುರಿಗೆ ನೀನೊಬ್ಬಳೇ. ನೀನು ಮೇಲೆ ಬೀಳಲಿಲ್ಲ. ಹಿಂದೆ ಹಿಂದೆ ಸರಿದೆ, ಅವಳನ್ನು ಅಂಚಿಗೆ ಒತ್ತುತ್ತ ಬಂದೆ. ಅಮ್ಮ ನನ್ನ ಕೈ ಹಿಡಿದಿದ್ದಳು, ಉಗುರಿನ ಗುರುತು ಇನ್ನೂ ಇದೆ. ಆ ಹುಡುಗಿ ಚೆಂಡನ್ನು ಒಂದೇ ಒಂದು ಸಲ ದೂರ ತಳ್ಳಿದಳು, ನೀನು ನೆಲಕ್ಕೆ ಜಾರಿ ಎಡಗಾಲು ಚಾಚಿದೆ. ಆ ಎಡಗಾಲು. ಚೆಂಡು ನಮ್ಮ ಗ್ಯಾಲರಿಯ ಕಂಬಕ್ಕೆ ಬಡಿಯಿತು. ಸ್ವಲ್ಪ ಹೊತ್ತಿಗೆ ರೆಫ್ರಿ ಸೀಟಿ ಊದಿದರು. ನೀವು ಉಳಿದಿರಿ.

ಅಪ್ಪ ಇದನ್ನು ನೋಡಲೇ ಇಲ್ಲ ಕಣೇ. ಆ ತುದಿಯಲ್ಲಿ, ಪೆನಾಲ್ಟಿ ತಪ್ಪಿದ ಗೋಲಿನ ಹಿಂದೆ, ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡೇ ಬಂದರು. ಅವರದು ಸಿಟ್ಟು ಅಂತ ನೀನು ಅಂದುಕೊಂಡೆ, ನಾನೂ ಅಂದುಕೊಂಡೆ.

ನಿನ್ನೆ ಊಟದ ಹೊತ್ತಿಗೆ ನನ್ನ ಕನ್ನಡಕದ ಅಂಗಡಿಗೆ ಬಂದು "ಕಣ್ಣು ನೋಡು, ದೂರದ್ದು ಮಂಜಾಗ್ತಿದೆ" ಅಂದರು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲಿಟ್ಟು ಅಕ್ಷರ ಓದಿಸಿದೆ. ಕೊನೆಯ ಸಾಲಿನವರೆಗೂ ತಡವರಿಸದೆ ಓದಿದರು. ಕಣ್ಣಿಗೇನೂ ಆಗಿರಲಿಲ್ಲ. ಆಗ ನಾನು ಅಕ್ಷರ ತೆಗೆದು, ಅದೇ ಪರದೆಯ ಮೇಲೆ ಪೆನಾಲ್ಟಿಯಿಂದಾಚೆಗಿನ ಆಟದ ವಿಡಿಯೊ ಹಾಕಿದೆ. "ಇದು ಬೇಡ" ಅಂದರು. ಏಳಲಿಲ್ಲ. ನೀನು ಜಾರಿದ್ದನ್ನು ನೋಡಿ ಮುಂದಕ್ಕೆ ಬಗ್ಗಿದರು. "ಇನ್ನೊಂದ್ಸಲ ಹಾಕು." ಹಾಕಿದೆ. "ಇವಳು ಅಲ್ಲಿಗೆ ಯಾವಾಗ ಹೋದ್ಲು?" ಎಲ್ಲರೂ ಪೆನಾಲ್ಟಿ ನೋಡುತ್ತಿದ್ದಾಗ ಹೋದಳು ಅಂದೆ. ಆ ಚೌಕಟ್ಟು ತೆಗೆಯದೆಯೇ ನನ್ನ ಕಡೆ ತಿರುಗಿದರು. ಆಮೇಲೆ "ನಾನು ಇಷ್ಟು ವರ್ಷ ಎಲ್ಲಿ ಕೂತಿದ್ದೆ?" ಅಂತ ಕೇಳಿದರು. ನಾನು ಅವರ ಮೂಗಿನ ಮೇಲಿಂದ ಚೌಕಟ್ಟು ತೆಗೆದುಕೊಂಡೆ. ಹೊರಗೆ ಮುಂದಿನ ಗಿರಾಕಿ ಕೆಮ್ಮುತ್ತಿದ್ದರು, ಅಪ್ಪ ಎದ್ದು ಹೋದರು.

ಹೆಮ್ಮೆ ಅನ್ನುವ ಮಾತು ಬಳಸಲು ನನಗೆ ಸಂಕೋಚ. ನಿನ್ನ ದುಡಿಮೆಯಲ್ಲಿ ಪಾಲು ಕೇಳಿದಂತೆ ಆಗುತ್ತದೇನೋ ಅನ್ನಿಸುತ್ತದೆ. ಆದರೂ ಬರೆಯುತ್ತೇನೆ: ಒಂದೂ ಗೋಲು ಹೊಡೆಯದೆ ಮೂರು ಕ್ಲಬ್ಬುಗಳಲ್ಲಿ ಆಡಿ ಮುಗಿಸಿದ ನನ್ನ ತಂಗಿಯ ಬಗ್ಗೆ ನನಗೆ ಹೆಮ್ಮೆ. ಮನೆಗೆ ಬಾ. ಅಮ್ಮ ನಿನ್ನ ಹಾಸಿಗೆಯನ್ನು ಆಗಲೇ ಬಿಸಿಲಿಗೆ ಹಾಕಿದ್ದಾಳೆ.

ಈಗ ಬಾಲ ಹಿಡಿದು ಓಡಾಡುತ್ತಿರುವ,
ನಿನ್ನ ಅಕ್ಕ

ಇನ್ನೊಂದು ಮಾತು: ಕಾಗದ ಮಡಿಸುವ ಹೊತ್ತಿಗೆ ಅಪ್ಪ ಮತ್ತೆ ಅಂಗಡಿಗೆ ಬಂದರು. ಬರುವಾಗ ನೀನು ಭಾನುವಾರ ಹಾಕಿದ್ದ ಆ ಮೂರನೇ ನಂಬರಿನ ಅಂಗಿ ತರಬೇಕಂತೆ, ಅದು ಅವರಿಗೆ ಬೇಕಂತೆ. ಬಾಗಿಲವರೆಗೆ ಹೋಗಿ ತಿರುಗಿ ಬಂದು, "ಒಗೀಬೇಡ ಅಂತಾನೂ ಬರಿ" ಅಂದರು. ಎಡಗಡೆ ಮಣ್ಣು ಹತ್ತಿದೆಯಂತೆ.