ಮೂರನೇ ಸಿಲಿಂಡರಿನ ಮುನಿಸು

ಮನೆ, ಹೊಲಿಗೆ ಮೆಷಿನ್ನಿನ ಪಕ್ಕದಿಂದ
ಮಾರ್ಚ್ ೧೪, ಭಾನುವಾರ ಸಂಜೆ

ಪ್ರೀತಿಯ ಅತ್ತೆಗೆ, ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರ.

ಮಂಡಿನೋವು ಹೇಗಿದೆ? ನಾದಿನಿಯ ಮನೆಗೆ ಎರಡು ಮಹಡಿ ಹತ್ತಬೇಕು. ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತೀರಿ ತಾನೆ? ರಾತ್ರಿಯ ಮಾತ್ರೆ ಮರೆಯಬೇಡಿ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ಆದರೆ ನೀವು “ಚೆನ್ನಾಗಿದ್ದೀನಿ, ಇಡ್ತೀನಿ” ಅಂದು ಇಟ್ಟೇಬಿಡುತ್ತೀರಿ. ಈ ಮೂರು ವಾರದಲ್ಲಿ ನನ್ನ ಜೊತೆ ನೀವು ಆಡಿದ ಮಾತು ಅಷ್ಟೇ. ಕಾಗದವನ್ನಾದರೆ ಅರ್ಧಕ್ಕೆ ಇಡಲಾರಿರಿ, ಕೊನೆಯವರೆಗೆ ಓದಿಯೇ ತೀರುವ ಹೆಂಗಸು ನೀವು. ನಿಮ್ಮ ಮುನಿಸು ತಪ್ಪು ಎನ್ನುವುದಿಲ್ಲ. ಆಸ್ಪತ್ರೆಯ ಏರಿನಲ್ಲಿ ಕಾರು ಮುಗ್ಗರಿಸಿ ನಿಂತಾಗ, ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಿರುವಾಗ, ನಾದಿನಿ, ಅವಳ ಗಂಡ, ನಿಮ್ಮ ಮಗ ಎಲ್ಲರ ಎದುರಿಗೆ ನಾನು “ದಿನಾ ಬಾನೆಟ್ ತೆಗೆದು ನೀರು ಹಾಕಿ ಒರೆಸಿ ಒರೆಸಿ ನೀವೇ ಇದನ್ನ ಸಾಯಿಸಿದ್ದು” ಎಂದು ಕೂಗಿದೆನಲ್ಲ. ಮರುದಿನ ಚೀಲ ತುಂಬಿಕೊಂಡು ಮಗಳ ಮನೆಗೆ ಹೊರಟೇಬಿಟ್ಟಿರಿ.

ಈಗ ಸುದ್ದಿ ಕೇಳಿ. ಕಾರು ಸರಿಹೋಯಿತು! ಸರಿ ಮಾಡಿದ್ದು ಯಾರು? ಎರಡನೇ ಸಲ ಓದಿಕೊಳ್ಳಿ ಬೇಕಾದರೆ: ನಿಮ್ಮ ಸೊಸೆ.

ನೀವು ಹೋದಮೇಲೆ ರೋಗ ಇನ್ನೂ ಹೆಚ್ಚಾಯಿತು. ಸಮತಟ್ಟು ರಸ್ತೆಯಲ್ಲಿ ಸಾಧುವಿನ ಹಾಗೆ ಹೋಗುತ್ತದೆ, ಏರು ಬಂತೋ ಗಡಗಡ ನಡುಗಿ ಎಳೆಯುವುದನ್ನೇ ಬಿಡುತ್ತದೆ. ಗ್ಯಾರೇಜಿನ ಯಜಮಾನರು ಅಂಗೈ ಅಗಲದ ಒಂದು ಯಂತ್ರ ಸಿಕ್ಕಿಸಿ ನೋಡಿ, “ಮೂರನೇ ಸಿಲಿಂಡರ್ ಮಿಸ್ಸಿಂಗ್ ಅಮ್ಮಾ. ನಾಲ್ಕರಲ್ಲಿ ಒಂದು ಕೆಲಸ ಮಾಡ್ತಿಲ್ಲ. ಹಳೇ ಗಾಡಿ, ಎಂಜಿನ್ ಬಿಚ್ಚಲೇಬೇಕು” ಎಂದರು. ಬಿಚ್ಚುವ ಮಾತು ಕೇಳಿದ್ದೇ ತಡ, ನಿಮ್ಮ ಮಗ ಸೋಮವಾರ ಗುಜರಿಯವನಿಗೆ ಬರಹೇಳಿಬಿಟ್ಟರು. ನಿಮ್ಮ ಮಂಡಿಗೆ ಬಸ್ಸಿನ ಮೆಟ್ಟಿಲು ಆಗದು. ಆ ಕಾರು ಹೋದರೆ ನೀವು ಮಗಳ ಮನೆಯಲ್ಲೇ ಉಳಿದುಬಿಡಲು ಒಂದು ಒಳ್ಳೆಯ ನೆಪ ಸಿಕ್ಕಂತೆ. ಅದು ನನಗೆ ಬೇಡವಾಗಿತ್ತು. ನೀವಿಲ್ಲದ ಮನೆಯಲ್ಲಿ ಜಗಳವಾಡಲೂ ಜನವಿಲ್ಲ. ನಿಮ್ಮ ಮಗನೊಡನೆ ಜಗಳವಾಡುವುದೆಂದರೆ ಗೋಡೆಗೆ ಚೆಂಡೆಸೆದ ಹಾಗೆ. “ಭಾನುವಾರ ಒಂದು ದಿನ ನನಗೆ ಬಿಡಿ” ಎಂದು ಹಟ ಹಿಡಿದೆ. ಗ್ಯಾರೇಜಿನವರ ಹತ್ತಿರ ಆ ಯಂತ್ರವನ್ನೂ ಎರವಲು ತಂದೆ.

ಮೆಷಿನ್ನಿನಲ್ಲಿ ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ನಾನು ಏನು ಮಾಡುತ್ತೇನೆ, ನೀವೇ ನೋಡಿದ್ದೀರಿ. ಮೊದಲು ಸೂಜಿ ಬದಲಿಸಿ ಎರಡು ಗೇಣು ಹೊಲಿದು ನೋಡುತ್ತೇನೆ, ಆಮೇಲೆ ದಾರ, ಆಮೇಲೆ ಬಾಬಿನ್. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾರದೆಂದೇ ಗೊತ್ತಾಗುವುದಿಲ್ಲ. ಕಾರಿಗೂ ಅದೇ ಲೆಕ್ಕ ಹಾಕಿದೆ. ಕಿಡಿ ಹುಟ್ಟಿಸುವ ಕಾಯಿಲ್ ಪ್ರತಿ ಸಿಲಿಂಡರಿನ ತಲೆಯ ಮೇಲೂ ಒಂದೊಂದಿದೆ. ಮೂರನೆಯದನ್ನು ಕಿತ್ತು ಒಂದನೆಯದರ ಜಾಗದಲ್ಲಿಟ್ಟೆ, ಒಂದನೆಯದನ್ನು ಮೂರಕ್ಕೆ. ಏರು ಹತ್ತಿಸಿ ಬಂದರೆ ಯಂತ್ರ ಮತ್ತೆ “ಮೂರು” ಎಂದಿತು. ಹಾಗಾದರೆ ಕಾಯಿಲ್ ನಿರಪರಾಧಿ. ಎಂಜಿನ್ ತಣ್ಣಗಾಗುವವರೆಗೆ ಕೈಹಾಕುವಂತಿಲ್ಲ ನೋಡಿ, ಆ ಹೊತ್ತಿನಲ್ಲಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಎರಡು ಪರದೆಗೆ ಅಂಚು ಹೊಲಿದು ಮುಗಿಸಿದೆ.

ಉಳಿದದ್ದು ಪ್ಲಗ್ಗು, ಕಾಯಿಲಿನ ಕೆಳಗೆ ಕೂತು ಸಿಲಿಂಡರಿನೊಳಗೆ ಕಿಡಿ ಹಾರಿಸುವ ತುಂಡು. ಹಾಕಿ ಎರಡು ತಿಂಗಳೂ ಆಗಿಲ್ಲ, ಹೊಚ್ಚ ಹೊಸದು. ಅದಕ್ಕೇ ಗ್ಯಾರೇಜಿನವರೂ ಅದನ್ನು ಬಿಚ್ಚಿ ನೋಡಿರಲಿಲ್ಲ, ನಾನಂತೂ ಅದರ ಮೇಲೆ ಆಣೆ ಇಡುತ್ತಿದ್ದೆ. ಆದರೂ ಸೂಜಿ ಹೊಸದಾದ ಮಾತ್ರಕ್ಕೆ ನೆಟ್ಟಗಿರಬೇಕೆಂದಿಲ್ಲವಲ್ಲ. ಮೂರರ ಪ್ಲಗ್ಗನ್ನು ಒಂದಕ್ಕೆ, ಒಂದರದ್ದನ್ನು ಮೂರಕ್ಕೆ ಹಾಕಿ ಏರು ಹತ್ತಿಸಿದೆ. ಅತ್ತೇ, ಯಂತ್ರ “ಒಂದು” ಎಂದಿತು! ಕಳ್ಳ ಮನೆ ಬದಲಿಸಿದ್ದ, ಕಸುಬು ಬದಲಿಸಿರಲಿಲ್ಲ. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ, ಹೋಗುವವರು ನೋಡಿದರೆ ನೋಡಲಿ ಎಂದು.

ಮನೆಗೆ ಬಂದು, ಆರಿದ ಮೇಲೆ ಅದನ್ನು ಬಿಚ್ಚಿ, ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು ಕಿಟಕಿಯ ಬಿಸಿಲಿಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ತಲೆಗೂದಲಿನಷ್ಟು ಸಣ್ಣ ಕಪ್ಪು ಗೆರೆ. ಬಿರುಕು! ಕಿಡಿ ಒಳಗೆ ಹಾರುವ ಬದಲು ಆ ಬಿರುಕಿನಿಂದ ಹೊರಗೆ ಸೋರಿಹೋಗುತ್ತಿತ್ತು. ಏರಿನಲ್ಲಿ ಎಂಜಿನ್ನಿಗೆ ಭಾರ ಬಿದ್ದಾಗಲೇ ಹಾಗಾಗುವುದಂತೆ. ಬೆಟ್ಟ ಅಗೆದು ಇಲಿ ಹಿಡಿದಳು ಎಂದು ನಗಬೇಡಿ, ಇಡೀ ಬೆಟ್ಟವನ್ನು ಗುಜರಿಗೆ ಹಾಕಿಸುತ್ತಿದ್ದದ್ದು ಆ ಇಲಿಯೇ. ಗ್ಯಾರೇಜಿನವರು ತಮ್ಮ ಕಪಾಟಿನಿಂದ ಹೊಸ ಪ್ಲಗ್ಗು ತಂದುಕೊಟ್ಟು, “ನಾನಾಗಿದ್ರೆ ಬಿಚ್ಚೇಬಿಡ್ತಿದ್ದೆ ಅಮ್ಮಾ” ಎಂದು ತಲೆ ಕೆರೆದುಕೊಂಡರು. ಅದನ್ನು ಹಾಕಿ ನಿಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಆಸ್ಪತ್ರೆಯ ಏರನ್ನು ಮೂರು ಸಲ ಹತ್ತಿಸಿದೆ. ಒಂದು ಸಲವೂ ಕೆಮ್ಮಲಿಲ್ಲ. ಮೊದಲ ಸಲ ಅವರು ಬಾಗಿಲ ಹಿಡಿ ಬಿಡಲಿಲ್ಲ, ಮೂರನೇ ಸಲ “ಪರವಾಗಿಲ್ಲ” ಎಂದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಇಳಿದವರೇ ಗುಜರಿಯವನಿಗೆ ಫೋನ್ ಮಾಡಿ ಬರಬೇಡವೆಂದರು. ನನ್ನ ಕಾಲು ನೆಲದ ಮೇಲಿಲ್ಲ ಅತ್ತೆ, ಹೆಮ್ಮೆಯಿಂದ ಉಬ್ಬಿಹೋಗಿದ್ದೇನೆ.

ನಾದಿನಿಗೂ ಅವಳ ಗಂಡನಿಗೂ ಕೇಳಿದೆನೆಂದು ಹೇಳಿ. ನಿಮ್ಮ ಕಾಲಿಗೆ ನಮಸ್ಕಾರ, ನೋಯದ ಕಾಲಿಗೂ ನೋಯುವ ಕಾಲಿಗೂ.

ಇಂತಿ,
ನಿಮ್ಮ ಮೆಕ್ಯಾನಿಕ್ ಸೊಸೆ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಪ್ಲಗ್ಗು ನೋಡಿದ ಗ್ಯಾರೇಜಿನವರು “ಇದು ನೀರಿಗೆ ಆದದ್ದಲ್ಲ. ಬಿಗಿ ಮಾಡುವಾಗ ಪಾನಾ ಓರೆಯಾದರೆ ಹೀಗೆ ಸೀಳುತ್ತೆ” ಎಂದರು. ಆ ನಾಲ್ಕು ಪ್ಲಗ್ಗು ಬದಲಿಸಿದವಳು ನಾನೇ. ವಿಡಿಯೋ ನೋಡಿಕೊಂಡು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ನಾನು ಅತ್ತೆ ಡೊಂಕು ಎಂದೆ. ನಿಮ್ಮ ಒದ್ದೆ ಬಟ್ಟೆಯದು ಏನೂ ತಪ್ಪಿಲ್ಲ, ನಿಮ್ಮದೂ ಇಲ್ಲ. ತಪ್ಪಾಯಿತು ಅತ್ತೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾರು ತೆಗೆದುಕೊಂಡು ಬರುತ್ತೇನೆ, ನಿಮ್ಮ ಮಗನೂ ಜೊತೆಗಿರುತ್ತಾರೆ. ನಾದಿನಿ, ಅವಳ ಗಂಡ ಇಬ್ಬರನ್ನೂ ಮನೆಯಲ್ಲೇ ಇರಲು ಹೇಳಿ. ಅಂದು ಎಲ್ಲರ ಎದುರಿಗೆ ಕೂಗಿದವಳು ಈಗ ಕಾಗದದಲ್ಲಿ ಗುಟ್ಟಾಗಿ ಕ್ಷಮೆ ಕೇಳಿದರೆ ಆಗದು, ಅದೇ ಮೂವರ ಎದುರಿಗೆ ಕೇಳುತ್ತೇನೆ. ಆಮೇಲೆ ಚೀಲ ತುಂಬಿಕೊಳ್ಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.