ಬಂಧುದಾರ ಕಡಿದ ಮೇಲೆ

ಕಾರವಾರ, ಗುಡ್ಡದ ಆಸ್ಪತ್ರೆ
ಇಸವಿ 2309, ಯುಗಾದಿ ಕಳೆದ ವಾರ

ಮುನ್ನೂರು ವರ್ಷದಾಚೆಯ ಹಿರಿಯರಿಗೆ ಮೋಹಿನಿ ಮಾಡುವ ನಮಸ್ಕಾರ.

ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದ ಬಂದರೆ ಸಹಿಸಿಕೊಳ್ಳಿ, ಒರಟುತನ ಕಂಡರೂ ಸಹಿಸಿಕೊಳ್ಳಿ. ಹುಷಾರಿದ್ದಾಗಲೇ ನನ್ನ ನಾಲಿಗೆ ಅಷ್ಟು ಸಿಹಿಯಿರಲಿಲ್ಲ, ಈಗ ಮೂಳೆಗೆ ಕ್ಯಾನ್ಸರ್ ಇಳಿದಿದೆ. ಇಷ್ಟು ಹೊತ್ತಿಗೆ ಆ ಕಾಯಿಲೆ ತೊಲಗಿರುತ್ತದೆ ಅಂದುಕೊಂಡಿದ್ದಿರೇನೋ. ತೊಲಗಿಲ್ಲ. ನಿಮ್ಮ ಕಾಲದ ಒಂದು ತಪ್ಪು ತಿಳಿವಳಿಕೆಯೂ ತೊಲಗಿಲ್ಲ.

ನೋವು ಕಳೆಯುವ ಮದ್ದು ಕೊಡುತ್ತೇವೆ ಎಂದು ಡಾಕ್ಟರು ಹೇಳಿದರೆ, ಅದು ರೋಗಿಯನ್ನು ಸಾವಿಗೆ ಬಿಟ್ಟುಕೊಟ್ಟಂತೆ ಎಂದು ನೀವು ಬೆಚ್ಚಿಬೀಳುತ್ತಿದ್ದಿರಂತೆ. ಈಗಲೇ ಬೇಡ, ಇನ್ನೂ ಆಸೆ ಇದೆ ಅನ್ನುತ್ತಿದ್ದಿರಂತೆ. ನಾವು ಅದನ್ನೇ ಕಾನೂನು ಮಾಡಿದೆವು. ಇಲ್ಲಿ ರೋಗಿಯನ್ನು ಸೇರಿಸಿದ ಕೂಡಲೇ ಅವರ ಮಣಿಕಟ್ಟಿಗೂ ಹತ್ತಿರದ ನೆಂಟರ ಮಣಿಕಟ್ಟಿಗೂ ಒಂದೊಂದು ಕೆಂಪು ದಾರ ಕಟ್ಟುತ್ತಾರೆ. ಅದಕ್ಕೆ ಬಂಧುದಾರ ಎನ್ನುತ್ತೇವೆ. ದಾರ ಇರುವ ತನಕ ಚಿಕಿತ್ಸೆ ಉಂಟು, ನೋವು ಕಳೆಯುವ ಹಿತಮದ್ದು ಇಲ್ಲ. ಮದ್ದು ಬೇಕಿದ್ದರೆ ನೆಂಟರು ತಮ್ಮ ಕೈಯಾರೆ ದಾರ ಕಡಿಯಬೇಕು. ಕಡಿದವರು ಕೈಬಿಟ್ಟವರು, ಮತ್ತೆ ಆಸ್ಪತ್ರೆಯ ಹೊಸ್ತಿಲು ತುಳಿಯುವಂತಿಲ್ಲ. ಯಾರಾದರೂ ಕಡಿಯಲಾರೆ ಎಂದರೆ ವಾರ್ಡಿನವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಮಂಚದ ಮೇಲಿನವರು ಹಲ್ಲು ಕಚ್ಚಿ ಕೇಳಿಸಿಕೊಳ್ಳುತ್ತಾರೆ.

ಯಾರೂ ಇಲ್ಲದವರಿಗೆ ದಾರದ ಗೊಡವೆಯೇ ಇಲ್ಲ. ಅವರಿಗೆ ಬಂದ ದಿನವೇ ಮದ್ದು. ಪಕ್ಕದ ಹಜಾರದಲ್ಲಿ ತಿಪ್ಪೇಶಪ್ಪ ಅಂತ ಒಬ್ಬ ಅನಾಥ ಮುದುಕ ಇದ್ದಾನೆ. ನನ್ನದೇ ಕಾಯಿಲೆ. ದಿನಾ ಚೌಕಾಬಾರ ಆಡಿ ಗಹಗಹಿಸಿ ನಗುತ್ತಾನೆ. ಆ ನಗು ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು.

ನನಗೆ ಕೇತಕಿ ಇದ್ದಾಳೆ, ಒಬ್ಬಳೇ ಮಗಳು. ನನ್ನ ಕಾಲು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಹೊದಿಕೆ ತಾಗಿದರೂ ನಾನು ಚೀರುತ್ತಿದ್ದೆ. ದಾರ ಕಡಿಯೇ ತಾಯೀ ಎಂದು ಬೇಡಿದೆ. ನಿನ್ನ ಕೈ ಬಿಡಲ್ಲಮ್ಮ, ಸುಮ್ಮನಿರು, ಹಟ ಮಾಡಬೇಡ ಅಂದಳು. ವಾರ್ಡು ಚಪ್ಪಾಳೆ ತಟ್ಟಿತು. ಅವಳ ಪ್ರೀತಿಯೇ ನನ್ನನ್ನು ಸುಡುತ್ತಿತ್ತು, ಅದನ್ನು ಅವಳಿಗೆ ಹೇಗೆ ಹೇಳಲಿ?

ಕೊನೆಗೆ ಅನಾಥಳಾಗುವುದೊಂದೇ ದಾರಿ ಅನ್ನಿಸಿತು. ಕೇತಕಿಯ ತಮ್ಮ ಚಿಕ್ಕವನಿದ್ದಾಗಲೇ ಹೊಳೆಯಲ್ಲಿ ಮುಳುಗಿ ತೀರಿಕೊಂಡಿದ್ದ. ಮೊನ್ನೆ, ಅವಳು ನನ್ನ ತಲೆ ಬಾಚುತ್ತಿದ್ದಾಗ, ಬದುಕಬೇಕಾಗಿದ್ದವನು ಅವನು, ನೀನಲ್ಲ, ನಿನ್ನ ಮುಖ ನೋಡಿದಾಗೆಲ್ಲ ನನಗೆ ಅದೇ ಅನ್ನಿಸಿದ್ದು ಎಂದೆ. ಸುಳ್ಳು. ಹುಟ್ಟಿದ ಗಳಿಗೆಯಿಂದ ಅವಳೇ ನನ್ನ ಜೀವ. ಬಾಚಣಿಗೆ ಕೆಳಗಿಟ್ಟಳು. ನರ್ಸಿನ ಕತ್ತರಿ ಇಸಕೊಂಡು ದಾರ ಕಡಿದಳು, ಹೊರಟುಹೋದಳು. ಆವತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮದ್ದು ಬಂತು. ಸಾಯುತ್ತೇನೆ ಅಂದುಕೊಂಡಿದ್ದೆ, ಸಾಯಲಿಲ್ಲ. ಕಣ್ತುಂಬ ನಿದ್ದೆ ಮಾಡಿದೆ. ಎದ್ದು ಗಂಜಿ ಕುಡಿದೆ, ಉಪ್ಪಿನಕಾಯಿ ಕೇಳಿದೆ. ಇನ್ನೂ ಒಂದೆರಡು ತಿಂಗಳು ಹೀಗೇ ನೆಮ್ಮದಿಯಾಗಿ ಇರಬಹುದು ಅಂತ ಡಾಕ್ಟರಮ್ಮ ಸಹಜವಾಗಿ ಹೇಳಿ ಮುಂದಿನ ಮಂಚಕ್ಕೆ ಹೊರಟರು. ಕೇತಕಿಗೆ ಹೇಳಿ ಕಳಿಸಿ ಅಂತ ಅವರ ಸೆರಗು ಹಿಡಿದೆ. ಕಡಿದ ದಾರ ಮತ್ತೆ ಕಟ್ಟುವಂತಿಲ್ಲವಂತೆ, ಸುದ್ದಿ ಮುಟ್ಟಿಸುವಂತೆಯೂ ಇಲ್ಲವಂತೆ.

ನಿಮ್ಮಲ್ಲಿ ಇನ್ನೂ ಈ ಕಾನೂನಿಲ್ಲ. ನರಳುವವರಿಗೆ ಮದ್ದು ಕೊಡಿಸಿ, ಕೊಡಿಸಿ ಪಕ್ಕದಲ್ಲೇ ಕೂತಿರಿ. ಎರಡನ್ನೂ ಒಟ್ಟಿಗೇ ಮಾಡಬಹುದು ಕಣ್ರೀ. ನನಗೀಗ ಎಲ್ಲೂ ನೋವಿಲ್ಲ. ದಿನವಿಡೀ ಎದ್ದು ಕೂತು ಬಾಗಿಲು ನೋಡುವಷ್ಟು ಶಕ್ತಿ ಬಂದಿದೆ.